ಪೀಜೋ ಸೆನ್ಸರ್ ಕೂರಿಸುವುದು ಹೇಗೆ: ಮೋಟಾರ್, ಪಂಪ್‌ಗಳ ಕಂಪನ ನಂಬುವಂತೆ ಅಳೆಯಲು ಸಮಗ್ರ ಮಾರ್ಗದರ್ಶಿ

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಮೇಂಟೆನೆನ್ಸ್‌ನವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಸೆನ್ಸರ್ ಹೊಸದು, ಮೀಟರ್ ಹೊಸದು, ಆದರೂ ಬೆಳಿಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಇನ್ನೊಂದು ರೀಡಿಂಗ್. ಯಾಕೆ? ಟೆಕ್ ಪಾರ್ಕ್‌ಗಳ ಚಿಲ್ಲರ್ ಪಂಪ್ ನೋಡಿಕೊಳ್ಳುವವರದ್ದೂ ಇದೇ ಗೋಳು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಬ್ಲೋವರ್ ನೋಡಿಕೊಳ್ಳುವವರದ್ದೂ ಅದೇ.

ಬಹಳಷ್ಟು ಸಲ ತಪ್ಪು ಸೆನ್ಸರ್‌ದಲ್ಲ. ಕೂರಿಸಿದ ಜಾಗ ಸರಿ ಇರುವುದಿಲ್ಲ, ಕೂರಿಸಿದ ರೀತಿ ಸರಿ ಇರುವುದಿಲ್ಲ, ಇಲ್ಲವೇ ಬಯಾಸ್ ವೋಲ್ಟೇಜ್ (ಪವರ್ ಕೊಟ್ಟಾಗ ಸೆನ್ಸರ್ ತಂತಿಯಲ್ಲಿ ನಿಲ್ಲುವ ಸ್ಥಿರ ವೋಲ್ಟೇಜ್) ನೋಡದೆ ನೇರ ರೀಡಿಂಗ್‌ಗೆ ಹೋಗಿರುತ್ತಾರೆ. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಮಾಡಿದರೆ ಎಲ್ಲಿ ಎಡವಿದಿರಿ ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಉದಾಹರಣೆಗೆ ಒಂದೇ ಯಂತ್ರ ಇಟ್ಟುಕೊಳ್ಳೋಣ: 37 ಕಿಲೋವ್ಯಾಟ್‌ನ 4 ಪೋಲ್ ಮೋಟಾರ್, 1470 ಆರ್‌ಪಿಎಂ, ಅದಕ್ಕೆ ಕಪ್ಲಿಂಗ್ ಮಾಡಿದ ನೀರಿನ ಪಂಪ್. 1470ನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ 24.5 ಸುತ್ತು, ಅಂದರೆ 24.5 ಹರ್ಟ್ಜ್. ಈ ಅಂಕಿ ಮುಂದೆ ಪದೇ ಪದೇ ಬರುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಸೆನ್ಸರ್ ಮತ್ತು ಅದರ ಡೇಟಾಶೀಟ್, ಅನಲೈಸರ್ ಅಥವಾ ಮೀಟರ್, ಮಲ್ಟಿಮೀಟರ್, ಒಂದು ಬಿಎನ್‌ಸಿ ಟೀ ಕನೆಕ್ಟರ್ (ಒಂದೇ ಸಿಗ್ನಲನ್ನು ಎರಡು ಕಡೆ ಕೊಡುವ ಟಿ ಆಕಾರದ ಜೋಡಣೆ), ಟಾರ್ಕ್ ರೆಂಚ್, ಎಮರಿ ಪೇಪರ್, ಸ್ಕ್ರೇಪರ್, ಪ್ರಷ್ಯನ್ ಬ್ಲೂ, ಸಿಲಿಕೋನ್ ಗ್ರೀಸ್, ಕೇಬಲ್ ಟೈ. ಸ್ಟಡ್ ಹಾಕುವುದಾದರೆ ಡ್ರಿಲ್ ಮತ್ತು ಟ್ಯಾಪ್ ಸೆಟ್. ಟೀ, ಬಿಎನ್‌ಸಿ ಪ್ಲಗ್ ಎಲ್ಲಾ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಸೆನ್ಸರ್ ಕಡೆಯ ಕನೆಕ್ಟರ್ ಮಾತ್ರ ಸೆನ್ಸರ್ ಮಾರಿದವರಿಂದಲೇ ತರಿಸಿ. ಅಲ್ಲಿ ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

## ಹಂತ 1: ಕೈಯಲ್ಲಿರುವುದು ಯಾವ ಸೆನ್ಸರ್ ಎಂದು ತಿಳಿದುಕೊಳ್ಳಿ

ಪೀಜೋ ಸೆನ್ಸರ್ ಒಳಗೆ ಒಂದು ಕ್ರಿಸ್ಟಲ್ ಅಥವಾ ಸೆರಾಮಿಕ್ ತುಂಡು ಇರುತ್ತದೆ, ಅದಕ್ಕೆ ಒಂದು ಪುಟ್ಟ ತೂಕ ಬಿಗಿದಿರುತ್ತದೆ. ಯಂತ್ರ ಅದುರಿದಾಗ ಆ ತೂಕ ಕ್ರಿಸ್ಟಲನ್ನು ಅದುಮುತ್ತದೆ, ಎಳೆಯುತ್ತದೆ. ಆಗ ಚಾರ್ಜ್ ಹುಟ್ಟುತ್ತದೆ. ಒತ್ತಡ ಬದಲಾಗದೆ ನಿಂತರೆ ಚಾರ್ಜ್ ಸೋರಿಹೋಗುತ್ತದೆ. ಹಾಗಾಗಿ ಬದಲಾಗುತ್ತಿರುವುದನ್ನು ಮಾತ್ರ ಇದು ಅಳೆಯುತ್ತದೆ, ನಿಂತದ್ದನ್ನು ಅಳೆಯುವುದಿಲ್ಲ.

ಅಂಗಡಿಯಲ್ಲಿ ನಿಮಗೆ ಸಿಗುವುದು ಮೂರು ಬಗೆ.

ಮೊದಲನೆಯದು ಐಇಪಿಇ. ಒಳಗೇ ಪುಟ್ಟ ಆಂಪ್ಲಿಫೈಯರ್ ಇರುತ್ತದೆ. 18ರಿಂದ 30 ವೋಲ್ಟ್ ಡಿಸಿ ಸಪ್ಲೈ ಬೇಕು, ಅದೂ 2ರಿಂದ 20 ಮಿಲಿಆಂಪ್‌ನೊಳಗೆ ಕಟ್ಟಿಹಾಕಿದ ಸ್ಥಿರ ಕರೆಂಟ್‌ನಲ್ಲಿ. ಕಾರ್ಖಾನೆಗಳಲ್ಲಿ ಹೆಚ್ಚು ಕಾಣುವುದು ಒಂದು ಜಿಗೆ (ಜಿ ಅಂದರೆ ಭೂಮಿಯ ಗುರುತ್ವ ವೇಗವರ್ಧನೆಯಷ್ಟು) 100 ಮಿಲಿವೋಲ್ಟ್ ಕೊಡುವ ಮಾಡೆಲ್. ಇದು ಸಾಮಾನ್ಯವಾಗಿ 120 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ.

ಎರಡನೆಯದು ಚಾರ್ಜ್ ಮಾದರಿ. ಒಳಗೆ ಎಲೆಕ್ಟ್ರಾನಿಕ್ಸ್ ಇಲ್ಲ, ಆದ್ದರಿಂದ ಜಾಸ್ತಿ ಬಿಸಿ ತಡೆಯುತ್ತದೆ. ಆದರೆ ಹೊರಗೆ ಚಾರ್ಜ್ ಆಂಪ್ಲಿಫೈಯರ್ ಬೇಕು, ಲೋ-ನಾಯ್ಸ್ ಕೇಬಲ್ ಬೇಕು. ಸಾಮಾನ್ಯ ಕೇಬಲ್ ಹಾಕಿದರೆ ಕೇಬಲ್ ಅಲುಗಾಡಿದ್ದೇ ಸಿಗ್ನಲ್ ಆಗಿ ಬರುತ್ತದೆ.

ಮೂರನೆಯದು 4-20 ಮಿಲಿಆಂಪ್ ಟ್ರಾನ್ಸ್‌ಮಿಟರ್. ನೋಡಲು ಐಇಪಿಇ ಥರವೇ ಇರುತ್ತದೆ. ನೇರ ಪಿಎಲ್‌ಸಿಗೆ (ಯಂತ್ರ ನಿಯಂತ್ರಿಸುವ ಕಂಪ್ಯೂಟರ್‌ಗೆ) ಕೊಡಬಹುದು. ಒಟ್ಟು ಕಂಪನ ಎಷ್ಟು ಎಂದು ಹೇಳುತ್ತದೆ, ಸ್ಪೆಕ್ಟ್ರಂ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಕಂಪನ ಎಂದು ತೋರಿಸುವ ಚಿತ್ರ) ಕೊಡುವುದಿಲ್ಲ.

ಇಲ್ಲೇ ಸೆನ್ಸರ್ ಸುಟ್ಟುಹೋಗುವುದು: ಐಇಪಿಇ ಸೆನ್ಸರನ್ನು ಪ್ಯಾನೆಲ್‌ನ 24 ವೋಲ್ಟ್ ಸಪ್ಲೈಗೆ ನೇರವಾಗಿ ಜೋಡಿಸುತ್ತಾರೆ. 24 ವೋಲ್ಟ್ ಬೇಕು ಎಂದು ಶೀಟ್‌ನಲ್ಲೇ ಇದೆಯಲ್ಲ ಎಂದು ವಾದವನ್ನೂ ಮಾಡುತ್ತಾರೆ. ಕರೆಂಟ್ ಮಿತಿ ಇಲ್ಲದ ಸಪ್ಲೈ ಒಳಗಿನ ಆಂಪ್ಲಿಫೈಯರ್‌ನ್ನು ತಕ್ಷಣ ಹಾಳುಮಾಡುತ್ತದೆ. ಐಇಪಿಇ ಇನ್‌ಪುಟ್ ಇರುವ ಮೀಟರ್ ಅಥವಾ ಸಿಗ್ನಲ್ ಕಂಡೀಷನರ್ ಮೂಲಕವೇ ಪವರ್ ಕೊಡಿ.

ಇನ್ನೊಂದು ಮಾತು. ಸೆನ್ಸರ್ ಕೈಜಾರಿ ಕಾಂಕ್ರೀಟ್ ನೆಲಕ್ಕೆ ಬಿದ್ದರೆ ಅದು ತಿನ್ನುವ ಪೆಟ್ಟು ಸಾವಿರಾರು ಜಿ. ಹೊರಗೆ ಗೀರೂ ಕಾಣದಿರಬಹುದು. ಬಿದ್ದ ಸೆನ್ಸರನ್ನು ಪಕ್ಕಕ್ಕಿಟ್ಟು ಕ್ಯಾಲಿಬ್ರೇಷನ್ ನೋಡಿಸಿದ ಮೇಲೆಯೇ ಬಳಸಿ.

## ಹಂತ 2: ಜಾಗ ಗುರುತಿಸಿ

ಬೇರಿಂಗ್‌ಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, ಮತ್ತು ನಡುವೆ ಗಟ್ಟಿ ಲೋಹ ಇರಬೇಕು. ನಮ್ಮ ಮೋಟಾರ್-ಪಂಪ್‌ಗೆ ಒಟ್ಟು ನಾಲ್ಕು ಬೇರಿಂಗ್. ಪ್ರತಿಯೊಂದರಲ್ಲೂ ಅಡ್ಡ ಮತ್ತು ಲಂಬ ದಿಕ್ಕು, ಜೊತೆಗೆ ಮೋಟಾರ್‌ಗೊಂದು, ಪಂಪ್‌ಗೊಂದು ಶಾಫ್ಟ್ ಉದ್ದದ ದಿಕ್ಕು.

ಬೇಡದ ಜಾಗಗಳು: ಫ್ಯಾನ್ ಕವರ್, ಕೂಲಿಂಗ್ ಫಿನ್, ಟರ್ಮಿನಲ್ ಬಾಕ್ಸ್, ಕಪ್ಲಿಂಗ್ ಗಾರ್ಡ್. ತೆಳು ತಗಡು ತನ್ನದೇ ಲಯದಲ್ಲಿ ಅದುರುತ್ತದೆ. ಅಲ್ಲಿ ನೀವು ಅಳೆಯುವುದು ತಗಡನ್ನು, ಬೇರಿಂಗನ್ನಲ್ಲ.

ಜಾಗ ಗೊತ್ತಾದ ಮೇಲೆ ಸೆಂಟರ್ ಪಂಚ್‌ನಿಂದ ಒಂದು ಚುಕ್ಕೆ ಹೊಡೆಯಿರಿ, ಪೇಂಟ್‌ನಲ್ಲಿ ನಂಬರ್ ಬರೆಯಿರಿ. ಪಾಳಿ ಬದಲಾದರೂ ಎಲ್ಲರೂ ಅದೇ ಜಾಗದಲ್ಲಿ ಇಡಬೇಕು. ಎರಡು ಇಂಚು ಆಚೀಚೆ ಆದರೂ ಹೈ ಫ್ರೀಕ್ವೆನ್ಸಿಯಲ್ಲಿ ರೀಡಿಂಗ್ ಬದಲಾಗುತ್ತದೆ. ಆಮೇಲೆ ಹಳೆಯ ರೀಡಿಂಗ್ ಜೊತೆ ಹೋಲಿಸಿ ಪ್ರಯೋಜನವಿಲ್ಲ.

## ಹಂತ 3: ಮೇಲ್ಮೈ ಸಿದ್ಧ ಮಾಡಿ

ಪೇಂಟ್ ಕೆರೆಯಿರಿ. ಪೂರ್ತಿ ಕೆರೆಯಿರಿ. ಒಂದು ಪದರ ಇರಲಿ ಪರವಾಗಿಲ್ಲ ಎನ್ನುವವರೇ ಜಾಸ್ತಿ, ಆದರೆ ಪೇಂಟ್ ಮೆತ್ತಗಿರುತ್ತದೆ. ಬೇರಿಂಗ್‌ನ ಮೊದಲ ಸುಳಿವು ಸಿಗುವುದು ಹಲವು ಕಿಲೋಹರ್ಟ್ಜ್‌ನಲ್ಲಿ. ಮೆತ್ತನೆ ಪದರ ನುಂಗಿಹಾಕುವುದೂ ಅದನ್ನೇ.

ಆಮೇಲೆ ಮಟ್ಟ ನೋಡಿ. ಸೆನ್ಸರ್ ತಳಕ್ಕೆ ಪ್ರಷ್ಯನ್ ಬ್ಲೂ ತೆಳ್ಳಗೆ ಸವರಿ. ಕೂರಿಸುವ ಜಾಗಕ್ಕೆ ಒತ್ತಿ, ಸ್ವಲ್ಪ ತಿರುಗಿಸಿ, ಎತ್ತಿ. ನೀಲಿ ಬಣ್ಣ ಉಂಗುರದಂತೆ ಸುತ್ತಲೂ ಒಂದೇ ಸಮ ಹತ್ತಿದ್ದರೆ ಸರಿ. ಒಂದು ಬದಿಗೆ ಮಾತ್ರ ಹತ್ತಿದ್ದರೆ ಮೇಲ್ಮೈ ಓರೆ. ನಡುವೆ ಒಂದು ಚುಕ್ಕೆ ಮಾತ್ರ ಹತ್ತಿದ್ದರೆ ಉಬ್ಬು. ಉಬ್ಬಿನ ಮೇಲೆ ಕೂತ ಸೆನ್ಸರ್ ಬಿಗಿಯಾಗಿದೆ ಅನ್ನಿಸಿದರೂ ಒಳಗೊಳಗೇ ಓಲಾಡುತ್ತಿರುತ್ತದೆ.

ಕಾಯಂ ಸ್ಟಡ್ (ಸೆನ್ಸರ್ ಹಿಡಿದಿಡುವ ಥ್ರೆಡ್ ಕಡ್ಡಿ) ಹಾಕುವುದಾದರೆ ಸ್ಪಾಟ್ ಫೇಸಿಂಗ್ (ತೂತಿನ ಸುತ್ತ ಮೇಲ್ಮೈ ಮಟ್ಟ ಮಾಡುವುದು) ಮಾಡಿಸಿ. ಸೆನ್ಸರ್ ತಳಕ್ಕಿಂತ ತುಸು ಅಗಲ ಇರಲಿ, ಮಟ್ಟದ ವ್ಯತ್ಯಾಸ 25 ಮೈಕ್ರಾನ್ ಒಳಗಿರಲಿ, ತೂತು ನೆಟ್ಟಗಿರಲಿ. ಡ್ರಿಲ್ ಹಾಕುವ ಮುಂಚೆ ಆ ಜಾಗದಲ್ಲಿ ಲೋಹ ಎಷ್ಟು ದಪ್ಪ ಇದೆ ಎಂದು ಡ್ರಾಯಿಂಗ್ ನೋಡಿ. ಎಣ್ಣೆ ದಾರಿಗೆ ಅಥವಾ ಬೇರಿಂಗ್ ಒಳಕ್ಕೆ ತೂತು ಹೋದರೆ ಸೆನ್ಸರ್ ಮಾತಿರಲಿ, ಹೌಸಿಂಗ್ ಹೋಯಿತು. ಫ್ಲೇಮ್‌ಪ್ರೂಫ್ (ಹೊತ್ತಿಕೊಳ್ಳುವ ಅನಿಲ ಇರುವ ಕಡೆಗೆಂದೇ ಮಾಡಿದ) ಮೋಟಾರ್‌ಗೆ ಡ್ರಿಲ್ ಹಾಕಲೇಬೇಡಿ. ಮೋಟಾರ್ ನಿಲ್ಲಿಸಿ, ಐಸೊಲೇಟರ್‌ಗೆ ಬೀಗ ಹಾಕಿ, ಟ್ಯಾಗ್ ತೂಗುಹಾಕಿದ ಮೇಲೆಯೇ ಕೆಲಸ ಶುರು.

## ಹಂತ 4: ಕೂರಿಸಿ

ಹೇಗೆ ಕೂರಿಸುತ್ತೀರಿ ಎನ್ನುವುದರ ಮೇಲೆ ಎಷ್ಟು ಫ್ರೀಕ್ವೆನ್ಸಿವರೆಗೆ ರೀಡಿಂಗ್ ನಂಬಬಹುದು ಎನ್ನುವುದು ನಿಂತಿದೆ. ಡೇಟಾಶೀಟ್‌ನಲ್ಲಿ 10 ಕಿಲೋಹರ್ಟ್ಜ್ ಎಂದು ಬರೆದಿದ್ದರೆ ಅದು ಸ್ಟಡ್ ಹಾಕಿ ಕೂರಿಸಿದಾಗಿನ ಮಾತು.

ಸ್ಟಡ್. ಎಲ್ಲಕ್ಕಿಂತ ಉತ್ತಮ. ತಳಕ್ಕೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಡೇಟಾಶೀಟ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಕಾಲಿಂಚು-28 (ಕಾಲಿಂಚು ವ್ಯಾಸ, ಇಂಚಿಗೆ 28 ಎಳೆ) ಥ್ರೆಡ್‌ನ ಸೆನ್ಸರ್‌ಗಳಿಗೆ ಇದು ಸಾಮಾನ್ಯವಾಗಿ 2.7ರಿಂದ 6.8 ನ್ಯೂಟನ್-ಮೀಟರ್. ಕಾಲಿಂಚು-28 ಮತ್ತು ಎಂ6 ಸ್ಟಡ್‌ಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬೆರೆಸಿದರೆ ಥ್ರೆಡ್ ಹಾಳು. ಸ್ಟಡ್ ತೂತಿನ ತಳಕ್ಕೆ ತಾಗಬಾರದು. ತಾಗಿದರೆ ಸ್ಟಡ್ ಬಿಗಿಯಾಗುತ್ತದೆ, ಸೆನ್ಸರ್ ತಳ ಮಾತ್ರ ಮೇಲೆ ನಿಂತಿರುತ್ತದೆ.

ಅಂಟಿಸಿದ ಪ್ಯಾಡ್. ಮೋಟಾರ್‌ಗೆ ತೂತು ಹಾಕಲು ಮಾಲೀಕರು ಒಪ್ಪದ ಕಡೆ ನನ್ನ ಆಯ್ಕೆ ಇದೇ. ಸ್ಟಡ್ ಇರುವ ಲೋಹದ ಪ್ಯಾಡನ್ನು ಎಪಾಕ್ಸಿಯಿಂದ ಅಂಟಿಸಿ, ಪೂರ್ತಿ ಗಟ್ಟಿಯಾಗಲು ಬಿಡಿ, ಆಮೇಲೆ ಸೆನ್ಸರ್ ತಿರುಗಿಸಿ. ಅಂಟು ತೆಳುವಾಗಿರಲಿ. ದಪ್ಪ ಅಂಟು ರಬ್ಬರ್ ಥರ ವರ್ತಿಸುತ್ತದೆ. ಮೇಣ, ಡಬಲ್ ಟೇಪ್, ಎಂಸೀಲ್ ಉಂಡೆ ಇವೆಲ್ಲ ಬೇಡ.

ಮ್ಯಾಗ್ನೆಟ್. ಮಟ್ಟಸವಾದ ಜಾಗದಲ್ಲಿ ಸುಮಾರು 2 ಕಿಲೋಹರ್ಟ್ಜ್‌ವರೆಗೆ ನಂಬಬಹುದು. ರೌಂಡ್‌ಗೆ ಹೋಗಿ ರೀಡಿಂಗ್ ತೆಗೆಯಲು ಅನುಕೂಲ. ಆದರೆ ದೂರದಿಂದ ತಂದು ಟಪ್ ಅಂತ ಬಿಡಬೇಡಿ. ಮ್ಯಾಗ್ನೆಟ್‌ನ ಒಂದು ಅಂಚನ್ನು ಮೊದಲು ತಾಗಿಸಿ, ನಿಧಾನಕ್ಕೆ ವಾಲಿಸಿ ಪೂರ್ತಿ ಕೂರಿಸಿ. ತೆಗೆಯುವಾಗಲೂ ಹಾಗೇ, ವಾಲಿಸಿ ತೆಗೆಯಿರಿ. ಟಪ್ ಎಂದ ಪ್ರತಿ ಸಲವೂ ಕ್ರಿಸ್ಟಲ್‌ಗೆ ದೊಡ್ಡ ಪೆಟ್ಟು. ಅಲ್ಯೂಮಿನಿಯಂ ಬಾಡಿಯ ಮೋಟಾರ್‌ಗೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ, ಅಲ್ಲಿ ಪ್ಯಾಡೇ ಗತಿ.

ಕೈಯಲ್ಲಿ ಹಿಡಿಯುವ ಕಡ್ಡಿ. ಸುಮಾರು 500 ಹರ್ಟ್ಜ್ ದಾಟಿದರೆ ನಂಬಬೇಡಿ. ಬೇರಿಂಗ್ ನೋಡಲು ಇದನ್ನು ಬಳಸುವುದು ಸುಮ್ನೆ ಸಮಯ ಹಾಳು.

## ಹಂತ 5: ಕೇಬಲ್ ಎಳೆಯಿರಿ

ಎರಡು ಪಿನ್‌ನ ಮಿಲಿಟರಿ ಮಾದರಿ ಕನೆಕ್ಟರ್‌ನಲ್ಲಿ ಎ ಪಿನ್ ಸಿಗ್ನಲ್ ಮತ್ತು ಪವರ್, ಬಿ ಪಿನ್ ಕಾಮನ್. ಸೆನ್ಸರ್ ಪಕ್ಕ ಸ್ವಲ್ಪ ಸಡಿಲ ಬಿಟ್ಟು, ಅದುರುವ ಅದೇ ಯಂತ್ರದ ಮೈಗೆ ಕೇಬಲನ್ನು ಕಟ್ಟಿ. ಕೇಬಲ್ ತೂಗಾಡಿದರೆ ಅದರ ಎಳೆತವೂ ರೀಡಿಂಗ್‌ನಲ್ಲಿ ಸೇರಿಕೊಳ್ಳುತ್ತದೆ. ಹೊರಗಿನ ಪಂಪ್‌ಗಳಲ್ಲಿ ಕನೆಕ್ಟರ್‌ಗಿಂತ ಕೆಳಕ್ಕೆ ಒಂದು ಬಳುಕು ಕೊಡಿ. ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ, ಕನೆಕ್ಟರ್ ಒಳಗೆ ಹೋಗುವುದು ಬೇಡ.

ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಸಾಮಾನ್ಯವಾಗಿ ಮೀಟರ್ ಕಡೆ. ಎರಡೂ ತುದಿಯಲ್ಲಿ ಅರ್ಥ್ ಆದರೆ ನಡುವೆ ಕರೆಂಟ್ ಸುತ್ತಿ, ಸ್ಪೆಕ್ಟ್ರಂನಲ್ಲಿ 50, 100, 150 ಹರ್ಟ್ಜ್‌ಗಳಲ್ಲಿ ಕಂಬಗಳು ಏಳುತ್ತವೆ. ಎರಡು ಪೋಲ್ ಮೋಟಾರ್‌ನ ವೇಗವೇ 49 ಹರ್ಟ್ಜ್ ಹತ್ತಿರ ಇರುವುದರಿಂದ ಅಲ್ಲಿ ಮೋಸ ಹೋಗುವುದು ಬಲು ಸುಲಭ.

ವಿಎಫ್‌ಡಿಯಿಂದ (ಮೋಟಾರ್ ವೇಗ ಬದಲಿಸುವ ಡ್ರೈವ್‌ನಿಂದ) ಮೋಟಾರ್‌ಗೆ ಹೋಗುವ ಪವರ್ ಕೇಬಲ್ ಇರುವ ಟ್ರೇಯಲ್ಲಿ ಸೆನ್ಸರ್ ಕೇಬಲ್ ಹಾಕಬೇಡಿ. ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ.

ಕೇಬಲ್ ಉದ್ದವಾದಷ್ಟೂ ಕರೆಂಟ್ ಜಾಸ್ತಿ ಬೇಕು. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುವ ಕೇಬಲನ್ನು 100 ಮೀಟರ್ ಎಳೆದಿದ್ದೀರಿ ಎಂದುಕೊಳ್ಳಿ. 5 ವೋಲ್ಟ್ ಸಿಗ್ನಲ್‌ಗೆ 2 ಮಿಲಿಆಂಪ್‌ನಲ್ಲಿ ಸುಮಾರು 3.2 ಕಿಲೋಹರ್ಟ್ಜ್‌ವರೆಗೆ ಮಾತ್ರ ಸರಿಯಾಗಿ ಬರುತ್ತದೆ. ಅದೇ 4 ಮಿಲಿಆಂಪ್ ಕೊಟ್ಟರೆ ಸುಮಾರು 9.5 ಕಿಲೋಹರ್ಟ್ಜ್‌ವರೆಗೆ.

## ಹಂತ 6: ಬಯಾಸ್ ವೋಲ್ಟೇಜ್ ನೋಡಿ

ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ತಪ್ಪದೆ ಮಾಡುತ್ತೀರಿ ಎಂದಾದರೆ ಇದನ್ನೇ ಮಾಡಿ. ಒಂದೇ ನಿಮಿಷದ ಕೆಲಸ.

ಐಇಪಿಇ ಸೆನ್ಸರ್‌ಗೆ ಪವರ್ ಕೊಟ್ಟಾಗ ಅದರ ತಂತಿಯಲ್ಲಿ ಒಂದು ಸ್ಥಿರ ಡಿಸಿ ವೋಲ್ಟೇಜ್ ನಿಲ್ಲುತ್ತದೆ. ಕಂಪನದ ಸಿಗ್ನಲ್ ಅದರ ಮೇಲೆ ಏರಿಳಿಯುತ್ತದೆ. ಮೀಟರ್ ಹತ್ತಿರ ಬಿಎನ್‌ಸಿ ಟೀ ಹಾಕಿ. ಮಲ್ಟಿಮೀಟರ್‌ನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ನಡುವಿನ ಪಿನ್‌ಗೆ ಕೆಂಪು, ಹೊರ ಬಾಡಿಗೆ ಕಪ್ಪು. ಕೆಲವು ಅನಲೈಸರ್‌ಗಳು ಬಯಾಸನ್ನು ಸ್ಕ್ರೀನ್ ಮೇಲೇ ತೋರಿಸುತ್ತವೆ.

- 10ರಿಂದ 14 ವೋಲ್ಟ್ ನಡುವೆ, ಅಲುಗದೆ ನಿಂತಿದೆ: ಹೆಚ್ಚಿನ 24 ವೋಲ್ಟ್ ಸಪ್ಲೈಗಳಲ್ಲಿ ಆರೋಗ್ಯವಾಗಿರುವ ಸೆನ್ಸರ್ ಹೀಗೇ. ನಿಮ್ಮ ಮಾಡೆಲ್‌ನ ನಿಖರ ಅಂಕಿಗೆ ಡೇಟಾಶೀಟ್ ನೋಡಿ.
- ಸೊನ್ನೆ ಅಥವಾ ಅದರ ಹತ್ತಿರ: ಕೇಬಲ್ ಶಾರ್ಟ್ ಆಗಿದೆ, ಐಇಪಿಇ ಪವರ್ ಆನ್ ಆಗಿಲ್ಲ, ಇಲ್ಲವೇ ತಂತಿ ಅದಲುಬದಲಾಗಿದೆ. ಮೀಟರ್‌ನ ಸೆಟ್ಟಿಂಗ್‌ನಲ್ಲಿ ಐಇಪಿಇ ಆಫ್ ಇಟ್ಟು ತಲೆ ಕೆರೆದುಕೊಳ್ಳುವುದು ಬಹಳ ಸಾಮಾನ್ಯ.
- ಸಪ್ಲೈನಷ್ಟೇ, ಅಂದರೆ 24ರ ಆಸುಪಾಸು: ಎಲ್ಲೋ ತಂತಿ ಬಿಟ್ಟಿದೆ. ಕನೆಕ್ಟರ್ ಪೂರ್ತಿ ಕೂತಿಲ್ಲದಿದ್ದರೂ ಹೀಗೇ.
- ಇರಬೇಕಾದ್ದಕ್ಕಿಂತ ತೀರಾ ಕಮ್ಮಿ ಅಥವಾ ಜಾಸ್ತಿ, ಬಿಸಿಯಾದಂತೆ ಜಾರುತ್ತಿದೆ: ಒಳಗಿನ ಆಂಪ್ಲಿಫೈಯರ್ ಹಾಳಾಗುತ್ತಿದೆ. ಬಿಸಿ ಅಥವಾ ಪೆಟ್ಟು ಕಾರಣ.
- ಅಂಕಿ ಕುಣಿಯುತ್ತಿದೆ: ಲೂಸ್ ಕಾಂಟ್ಯಾಕ್ಟ್, ಇಲ್ಲವೇ ಕನೆಕ್ಟರ್‌ನಲ್ಲಿ ತೇವ. ಕೇಬಲನ್ನು ಕೈಯಿಂದ ಬಳುಕಿಸುತ್ತಾ ನೋಡಿ, ಎಲ್ಲಿ ಎಂದು ಗೊತ್ತಾಗುತ್ತದೆ.

ಈ ಅಂಕಿಯನ್ನು ಕಂಪನದ ರೀಡಿಂಗ್ ಪಕ್ಕದಲ್ಲೇ ಬರೆದಿಡಿ. ಪ್ರತಿ ತಿಂಗಳು 12 ಇದ್ದದ್ದು ಈ ತಿಂಗಳು 8 ಆದರೆ, ಆ ದಿನದ ರೀಡಿಂಗ್ ನೋಡಿ ಬೇರಿಂಗ್ ಬಿಚ್ಚಲು ಹೊರಡಬೇಡಿ.

ಕೊನೆಗೆ ಸೆನ್ಸರ್ ಪಕ್ಕದ ಲೋಹವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಸ್ಕ್ರೀನ್ ಮೇಲೆ ಚೂಪಾಗಿ ಎದ್ದು ತಣ್ಣಗಾದರೆ ಸರಿ. ಸೆನ್ಸರ್ ತಲೆಯನ್ನೇ ತಟ್ಟಬೇಡಿ.

## ಹಂತ 7: ಕಾಯಿರಿ

ಪವರ್ ಕೊಟ್ಟ ಮೇಲೆ ಬಯಾಸ್ ನೆಲೆನಿಲ್ಲಲು ಕೆಲವು ಸೆಕೆಂಡ್ ಬೇಕು. ಎಸಿ ಕೋಣೆಯಿಂದ ತಂದ ತಣ್ಣನೆ ಸೆನ್ಸರನ್ನು 70 ಡಿಗ್ರಿಯ ಬೇರಿಂಗ್ ಮೇಲಿಟ್ಟರೆ ಇನ್ನೂ ಜಾಸ್ತಿ ಹೊತ್ತು ಬೇಕು, ಏಕೆಂದರೆ ಬಿಸಿ ಬದಲಾದರೂ ಕ್ರಿಸ್ಟಲ್ ಚಾರ್ಜ್ ಹುಟ್ಟಿಸುತ್ತದೆ. ಕಾಯದಿದ್ದರೆ ಏನಾಗುತ್ತದೆ? ಕಂಪನದ ವೇಗ (ಸೆಕೆಂಡಿಗೆ ಎಷ್ಟು ಮಿಲಿಮೀಟರ್) ತೋರಿಸುವ ಸ್ಪೆಕ್ಟ್ರಂನ ಎಡ ತುದಿಯಲ್ಲಿ ನಂದಿ ಬೆಟ್ಟದಿಂದ ಇಳಿದಂತೆ ದೊಡ್ಡ ಇಳಿಜಾರು. ಅದು ಕಂಪನವಲ್ಲ. ವೇಗ ಲೆಕ್ಕಹಾಕುವಾಗ ಫ್ರೀಕ್ವೆನ್ಸಿಯಿಂದ ಭಾಗಿಸುವುದರಿಂದ ಕೆಳಗಿನ ಕಸ ಉಬ್ಬಿ ಕಾಣುತ್ತದೆ. ಇಳಿಜಾರು ಕಂಡರೆ ಆ ರೀಡಿಂಗ್ ಅಳಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ತೆಗೆಯಿರಿ. ಆಗಲೂ ಹೋಗದಿದ್ದರೆ ಹಂತ 4, 5, 6ಕ್ಕೆ ವಾಪಸ್.

## ಹಂತ 8: ಮೀಟರ್ ಸೆಟ್ಟಿಂಗ್

ಸೆನ್ಸಿಟಿವಿಟಿ ಜಾಗದಲ್ಲಿ ನಿಮ್ಮ ಸೆನ್ಸರ್‌ನ ಸರ್ಟಿಫಿಕೇಟ್ ಅಂಕಿ ಹಾಕಿ. 100ರ ಜಾಗದಲ್ಲಿ 10 ಇದ್ದರೆ ರೀಡಿಂಗ್ ಹತ್ತು ಪಟ್ಟು ಏರುತ್ತದೆ.

ಸಾಮಾನ್ಯ ತಪಾಸಣೆಗೆ 1000 ಹರ್ಟ್ಜ್‌ವರೆಗೆ, 3200 ಗೆರೆ (ಸ್ಪೆಕ್ಟ್ರಂ ಅನ್ನು ಎಷ್ಟು ಭಾಗ ಮಾಡಬೇಕು ಎನ್ನುವ ಸೆಟ್ಟಿಂಗ್) ಇಡಿ. ಗೆರೆಗಳ ನಡುವಿನ ಅಂತರ 0.3125 ಹರ್ಟ್ಜ್, ಒಂದು ಬ್ಲಾಕ್‌ಗೆ 3.2 ಸೆಕೆಂಡ್. ಗೆರೆ ಕಮ್ಮಿ ಮಾಡಿ ಸಮಯ ಉಳಿಸಲು ಹೋಗಬೇಡಿ. 2960 ಆರ್‌ಪಿಎಂನ ಎರಡು ಪೋಲ್ ಮೋಟಾರ್‌ನಲ್ಲಿ ಎರಡು ಪಟ್ಟು ವೇಗ 98.67 ಹರ್ಟ್ಜ್. ಬೆಸ್ಕಾಂ ಕರೆಂಟ್‌ನ ಎರಡು ಪಟ್ಟು 100 ಹರ್ಟ್ಜ್. ಮೊದಲನೆಯದು ಅಲೈನ್‌ಮೆಂಟ್ ಕಡೆ ಬೆರಳು ತೋರಿಸುತ್ತದೆ, ಎರಡನೆಯದು ವೈಂಡಿಂಗ್, ಏರ್ ಗ್ಯಾಪ್ ಕಡೆ. ಗೆರೆ ಕಮ್ಮಿ ಇದ್ದರೆ ಎರಡೂ ಕೂಡಿ ಒಂದೇ ಕಂಬವಾಗಿ ಕಾಣುತ್ತವೆ. ಅನುಮಾನ ಬಂದರೆ ಮೋಟಾರ್ ಆಫ್ ಮಾಡಿಸಿ ಸ್ಕ್ರೀನ್ ನೋಡುತ್ತಿರಿ. ಕರೆಂಟ್ ಕಡಿದ ಕ್ಷಣವೇ ಕಂಬ ಬಿದ್ದರೆ ಅದು ಎಲೆಕ್ಟ್ರಿಕಲ್. ವೇಗದ ಜೊತೆ ನಿಧಾನಕ್ಕೆ ಇಳಿದರೆ ಮೆಕ್ಯಾನಿಕಲ್.

ಬೇರಿಂಗ್‌ಗಾಗಿ ಇನ್ನೊಂದು ರೀಡಿಂಗ್ ಪ್ರತ್ಯೇಕ ತೆಗೆಯಿರಿ, ಜಿ ಯೂನಿಟ್‌ನಲ್ಲಿ, ನಿಮ್ಮ ಮೌಂಟಿಂಗ್ ಎಷ್ಟು ಬಿಡುತ್ತದೋ ಅಷ್ಟು ಮೇಲಿನವರೆಗೆ. ವಿಎಫ್‌ಡಿ ಇದ್ದರೆ ಆಗಿನ ಆರ್‌ಪಿಎಂ ಬರೆದುಕೊಳ್ಳಿ. ಬೇರೆ ಬೇರೆ ವೇಗದ ರೀಡಿಂಗ್‌ಗಳನ್ನು ಹೋಲಿಸಬಾರದು.

## ಹಂತ 9: ಓದಿ, ಲೆಕ್ಕ ತಾಳೆ ನೋಡಿ

ನಮ್ಮ ಮೋಟಾರ್‌ನಲ್ಲಿ 24.5 ಹರ್ಟ್ಜ್‌ಗೆ 0.1 ಜಿ ಪೀಕ್ ಬಂದಿದೆ ಎಂದುಕೊಳ್ಳಿ. 0.1 ಜಿ ಅಂದರೆ ಸೆಕೆಂಡ್ ವರ್ಗಕ್ಕೆ ಸುಮಾರು 981 ಮಿಲಿಮೀಟರ್. ಅದನ್ನು 2 ಪೈ ಗುಣಿಸು 24.5ರಿಂದ, ಅಂದರೆ 153.9ರಿಂದ ಭಾಗಿಸಿ. ಸೆಕೆಂಡಿಗೆ 6.37 ಮಿಲಿಮೀಟರ್ ಪೀಕ್. 1.414ರಿಂದ ಭಾಗಿಸಿದರೆ 4.5 ಆರ್‌ಎಂಎಸ್ (ಏರಿಳಿತದ ಒಂದು ಬಗೆಯ ಸರಾಸರಿ). ಪುಟ್ಟ ಜಿ ನೋಡಿ ನೆಮ್ಮದಿಯಾಗಿರಬೇಡಿ ಎನ್ನುವುದು ಇದಕ್ಕೇ. ಅದೇ 0.1 ಜಿ 2450 ಹರ್ಟ್ಜ್‌ನಲ್ಲಿ ಬಂದರೆ ಕಂಪನದ ವೇಗ ಅದರ ನೂರರಲ್ಲೊಂದು ಭಾಗ.

ಐಎಸ್‌ಒ 10816-3 ಪ್ರಕಾರ 15ರಿಂದ 300 ಕಿಲೋವ್ಯಾಟ್‌ನ ಗುಂಪಿಗೆ, ಗಟ್ಟಿ ಫೌಂಡೇಷನ್ ಇದ್ದರೆ, ಹೊಸ ಯಂತ್ರದಂಥದ್ದರಿಂದ ಅಪಾಯದವರೆಗಿನ ನಾಲ್ಕು ವಲಯಗಳ ಗಡಿ 1.4, 2.8, 4.5 ಮಿಲಿಮೀಟರ್ ಪ್ರತಿ ಸೆಕೆಂಡಿಗೆ ಆರ್‌ಎಂಎಸ್. ಸ್ಪ್ರಿಂಗ್ ಮೇಲೆ ಕೂತಂಥ ಮೆತ್ತನೆ ಆಧಾರಕ್ಕೆ 2.3, 4.5, 7.1. ಈಗ ಅದರ ಜಾಗಕ್ಕೆ 2022ರ ಐಎಸ್‌ಒ 20816-3 ಬಂದಿದೆ. ಪೀಕ್ ಅಂಕಿಯನ್ನು ಆರ್‌ಎಂಎಸ್ ಗಡಿಗೆ ಹೋಲಿಸಿ ಗಾಬರಿಯಾಗುವವರು ಬಹಳ. ಯೂನಿಟ್ ಮೊದಲು ನೋಡಿ.

ಬೇರಿಂಗ್ ಕಂಬಗಳು ವೇಗದ ಪೂರ್ಣ ಪಟ್ಟುಗಳಲ್ಲಿ ಬೀಳುವುದಿಲ್ಲ. ಒಂಬತ್ತು ಗುಂಡಿನ 6205 ಬೇರಿಂಗ್‌ಗೆ ಹೊರ ರೇಸ್‌ನ ಅಂಕಿ (ಶಾಫ್ಟ್‌ನ ಒಂದು ಸುತ್ತಿಗೆ ಎಷ್ಟು ಏಟು) ಸುಮಾರು 3.58, ಒಳ ರೇಸ್‌ನದು ಸುಮಾರು 5.42. ಎರಡೂ ಕೂಡಿದರೆ 9, ಗುಂಡುಗಳ ಸಂಖ್ಯೆ. 24.5 ಹರ್ಟ್ಜ್ ವೇಗದಲ್ಲಿ ಹೊರ ರೇಸ್ ಏಟು 88 ಹರ್ಟ್ಜ್ ಹತ್ತಿರ. ನಿಮ್ಮ ಯಂತ್ರದ ಬೇರಿಂಗ್ ನಂಬರ್ ಹಿಡಿದು ಕಂಪನಿಯ ಟೇಬಲ್‌ನಿಂದ ಅಂಕಿ ತೆಗೆದಿಟ್ಟುಕೊಳ್ಳಿ.

ವರ್ಷಕ್ಕೊಮ್ಮೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ. ನಡುವೆ ಕೈಯಲ್ಲಿ ಹಿಡಿಯುವ ಶೇಕರ್ ಸಾಕು. ಅದು ಸಾಮಾನ್ಯವಾಗಿ 159.2 ಹರ್ಟ್ಜ್‌ನಲ್ಲಿ 1 ಜಿ ಕೊಡುತ್ತದೆ. ಅಲ್ಲಿ ಸೆಕೆಂಡಿಗೆ 9.81 ಮಿಲಿಮೀಟರ್ ಬರಬೇಕು. ಬರದಿದ್ದರೆ ಸೆಟ್ಟಿಂಗ್ ಆದರೂ ತಪ್ಪು, ಸೆನ್ಸರ್ ಆದರೂ ತಪ್ಪು.

## ಹಂತ 10: ಒತ್ತಡ ಅಳೆಯುವ ಪೀಜೋ ಸೆನ್ಸರ್ ಇದ್ದರೆ

ಪವರ್, ಕೇಬಲ್, ಬಯಾಸ್ ವಿಚಾರ ಎಲ್ಲಾ ಮೇಲಿನದ್ದೇ. ಬೇರೆಯಾಗುವುದು ಎರಡು ಮೂರು ಕಡೆ.

ಲೈನ್‌ನಲ್ಲಿ ಸದಾ ಇರುವ 6 ಬಾರ್ ಒತ್ತಡವನ್ನು ಇದು ತೋರಿಸುವುದಿಲ್ಲ. ವಾಲ್ವ್ ತೆರೆದಾಗ ಏರುತ್ತದೆ, ಆಮೇಲೆ ತಾನಾಗೇ ಸೊನ್ನೆಗೆ ಇಳಿಯುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ, ಅದರ ಗುಣವೇ ಅದು. ಸರಾಸರಿ ಒತ್ತಡಕ್ಕೆ ಪಕ್ಕದಲ್ಲಿ ಮಾಮೂಲಿ ಪ್ರೆಶರ್ ಟ್ರಾನ್ಸ್‌ಮಿಟರ್ ಹಾಕಿ. ಪೀಜೋ ಇರುವುದು ಪಂಪ್ ಮಿಡಿತ, ಕಂಪ್ರೆಸರ್ ಏರಿಳಿತ, ಎಂಜಿನ್ ಸಿಲಿಂಡರ್‌ನಂಥ ಕಡೆಗೆ.

ಸೆನ್ಸರ್ ಮುಖ ಪೈಪಿನ ಒಳಗೋಡೆಗೆ ಸಮನಾಗಿರಲಿ. ಸಣ್ಣ ತೂತಿನ ಹಿಂದೆ ಒಳಕ್ಕೆ ಕೂರಿಸಿದರೆ ಆ ಸಂದಿಯೇ ತನ್ನ ಸ್ವರ ಹಾಡುತ್ತದೆ. ಸದ್ದಿನ ವೇಗವನ್ನು ಸಂದಿಯ ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಆ ಫ್ರೀಕ್ವೆನ್ಸಿ ಸಿಗುತ್ತದೆ. ಗಾಳಿ ಇರುವ 25 ಮಿಲಿಮೀಟರ್ ಸಂದಿಗೆ ಅದು ಸುಮಾರು 3400 ಹರ್ಟ್ಜ್. ಬಿಸಿ ಅನಿಲ ಬಡಿಯುವ ಕಡೆ ಮುಖಕ್ಕೆ ಸಿಲಿಕೋನ್ ಗ್ರೀಸ್ ಪದರ ಕೊಡಿ, ಇಲ್ಲದಿದ್ದರೆ ಬಿಸಿಯ ಹೊಡೆತ ಒತ್ತಡದಂತೆ ಕಾಣುತ್ತದೆ. ಸೀಲ್ ವಾಷರ್ ಪ್ರತಿ ಸಲ ಹೊಸದು ಹಾಕಿ, ಟಾರ್ಕ್ ಮೀರಬೇಡಿ.

ನಮ್ಮ ಪಂಪ್‌ನ ಇಂಪೆಲ್ಲರ್‌ಗೆ ಐದು ವೇನ್ ಇದ್ದರೆ 24.5ರ ಐದು ಪಟ್ಟು, 122.5 ಹರ್ಟ್ಜ್‌ನಲ್ಲಿ ಒಂದು ಕಂಬ ಕಾಣಬೇಕು. ಬಯಾಸ್ ಸರಿ ಇದ್ದೂ ಅಲ್ಲಿ ಏನೂ ಇಲ್ಲದಿದ್ದರೆ ಸೆನ್ಸರ್ ಮುಂದೆ ಗಾಳಿಗುಳ್ಳೆ ಸಿಕ್ಕಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಲೈನ್‌ನ ಒತ್ತಡ ಪೂರ್ತಿ ಇಳಿಸಿ, ಗಾಳಿ ಹೊರಬಿಟ್ಟು, ಮತ್ತೆ ಬಿಗಿದು ನೋಡಿ.